ಮೇಲಧಿಕಾರಿಯ ಸಂಬಳವೂ ಕಂಪನಿಯ ಬಂಗಲೆಯೂ



ಹಣದ ಯೋಜನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಲಕ್ಷ್ಯವು ಅಲ್ಪ ವರಮಾನದವನ ಕಡೆಗೆ, ತಿಂಗಳು ಮುಗಿಯುವ ಮೊದಲೇ ಕೈ ಬರಿದಾಗುವ ಗುಮಾಸ್ತನ ಕಡೆಗೆ ಹೋಗುವುದು ಸಹಜವಾಗಿದೆ. ಕಾರ್ಖಾನೆಯ ಜನರಲ್ ಮ್ಯಾನೇಜರರಿಗೋ ಹಣಕಾಸಿನ ಮುಖ್ಯಾಧಿಕಾರಿಗೋ ಯಾರ ಬುದ್ಧಿವಾದವೇಕೆ, ಉಣ್ಣಲುಂಟು, ಉಡಲುಂಟು, ಬಾಗಿಲಲ್ಲಿ ಕಾರುಂಟು ಎಂದು ನಾವು ಆ ವಿಚಾರವನ್ನೇ ಬಿಟ್ಟುಬಿಡುತ್ತೇವೆ. ಆದರೆ ಒಂದೇ ಕಾರ್ಖಾನೆಯನ್ನು ನೆಚ್ಚಿ ಬೆಳೆದ ಊರಿನಲ್ಲಿ ಇಂಥ ಅಧಿಕಾರಿಗಳ ಸಂಸಾರವನ್ನು ಸಮೀಪದಿಂದ ಕಂಡವರಿಗೆ ಬೇರೊಂದು ಸಂಗತಿ ಗೋಚರವಾಗದಿರದು: ಸಂಬಳ ಕೊಡುವವರು ಯಾರೋ ಮನೆ ಕೊಟ್ಟವರೂ ಅವರೇ, ಮಕ್ಕಳ ಶಾಲೆಯನ್ನು ಕಟ್ಟಿಸಿದವರೂ ಅವರೇ, ಉಳಿತಾಯದ ಹಣ ಸೇರಿರುವ ಷೇರುಗಳೂ ಅವರವೇ, ಹೀಗಾಗಿ ಆ ಒಂದು ಸಂಸ್ಥೆಗೆ ನೆಗಡಿಯಾದರೆ ಈ ಗೃಹಸ್ಥನಿಗೆ ಜ್ವರವೇ ಬರತಕ್ಕದ್ದು. ದೊಡ್ಡ ಸಂಬಳದವನ ಮುಖ್ಯವಾದ ಅಪಾಯವು ಹಣದ ಕೊರತೆಯಲ್ಲ, ಹಣವೆಲ್ಲ ಒಂದೇ ಬಾಗಿಲಿನಿಂದ ಬರುವುದು ಎಂಬ ವಿಚಾರವನ್ನು ಈ ದಿನ ತಮ್ಮ ಮುಂದಿಡಬೇಕೆಂದು ಅಪೇಕ್ಷಿಸಿದ್ದೇನೆ.

ಇದಕ್ಕೆ ಉತ್ತರ ಕನ್ನಡದ ನಮ್ಮ ದಾಂಡೇಲಿಗಿಂತ ಒಳ್ಳೆಯ ನಿದರ್ಶನವನ್ನು ದೂರ ಹೋಗಿ ಹುಡುಕಬೇಕಾಗಿಲ್ಲ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿಯು 1955ರಲ್ಲಿ ಸ್ಥಾಪಿತವಾಗಿ, 1959ರಲ್ಲಿ ಕಾಳಿ ನದಿಯ ದಂಡೆಯ ಮೇಲೆ ಕಾಗದದ ಉತ್ಪಾದನೆಯನ್ನು ಆರಂಭಿಸಿದಾಗ, ಸುತ್ತಲಿನ ಕಾಡಿನ ಬಿದಿರು, ನದಿಯ ನೀರು, ಅಳ್ನಾವರದಿಂದ ಬರುವ ರೈಲುದಾರಿ ಇವು ಮೂರೂ ಕೈಗೆಟುಕುವಂತಿದ್ದುವೇ ಹೊರತು, ದೊಡ್ಡ ಊರುಗಳಿಂದ ಬಂದು ಇಲ್ಲಿ ಸಂಸಾರ ಹೂಡಬೇಕಾದ ಇಂಜಿನಿಯರರಿಗೂ ರಸಾಯನಜ್ಞರಿಗೂ ಬಾಡಿಗೆಗೆ ಸಿಕ್ಕುವ ಮನೆಗಳಿರಲಿಲ್ಲ. ಬಂಗೂರನಗರವೆಂಬ ವಸತಿ ಎದ್ದದ್ದು ಈ ಅವಶ್ಯಕತೆಯಿಂದ. ಕಾರ್ಮಿಕರಿಗೆ ಕ್ವಾರ್ಟರ್ಸು, ಅಧಿಕಾರಿಗಳಿಗೆ ತೋಟವುಳ್ಳ ಬಂಗಲೆ, ಮಕ್ಕಳಿಗೆ ಶಾಲೆ, ಮುಂದೆ ಕಾಲೇಜು, ಹೀಗೆ ಕಾರ್ಖಾನೆಯ ಗೋಡೆಯ ಹೊರಗೂ ಕಾರ್ಖಾನೆಯೇ ವಿಸ್ತರಿಸಿತು. ಜೋಯಿಡಾ ತಾಲೂಕಿನ ಸೂಪಾದಲ್ಲಿ ಅಣೆಕಟ್ಟು ಕಟ್ಟಿದ ಕಾಲದಲ್ಲಿ ವಿದ್ಯುತ್ ನಿಗಮದವರು ಅಂಬಿಕಾನಗರದಲ್ಲಿಯೂ ಗಣೇಶಗುಡಿಯಲ್ಲಿಯೂ ಮಾಡಿದ್ದು ಇದನ್ನೇ.

ಬಂಗಲೆಯ ವಿಷಯದಲ್ಲಿ ಇನ್ನೊಂದು ಕಾರಣವೂ ಉಂಟು. ಅದು ಕಾಡಿನದಲ್ಲ, ದೆಹಲಿಯದು. ಇಂದಿನ ತರುಣರು ನಂಬಲಾರರು, ಆದರೂ ಸತ್ಯ: 1973-74ರಲ್ಲಿ ಎರಡು ಲಕ್ಷ ರೂಪಾಯಿ ಮೀರಿದ ವರಮಾನದ ಮೇಲೆ ಸರ್ಚಾರ್ಜು ಸಹಿತ ನೂರಕ್ಕೆ 97.75ರಷ್ಟು ಆದಾಯಕರವಿತ್ತು. ಆ ಮಟ್ಟವನ್ನು ಮುಟ್ಟಿದವನಿಗೆ ಕಂಪನಿಯು ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ಕೈಗೆ ಹತ್ತುತ್ತಿದ್ದುದು ಎರಡೂಕಾಲು ರೂಪಾಯಿ ಮಾತ್ರ. ಮರುವರ್ಷ ಅದು 77ಕ್ಕೆ ಇಳಿಯಿತಾದರೂ, ಕೆಳಗಿನ ಹಂತಗಳ ಕರವೂ ಆ ಕಾಲದಲ್ಲಿ ಹಗುರವಾಗಿರಲಿಲ್ಲವಾಗಿ, ಸಂಬಳವನ್ನು ಏರಿಸಿರೆಂದು ಕೇಳುವುದಕ್ಕಿಂತ ಮನೆ ಕೊಡಿರಿ, ಮಾಲಿಯನ್ನು ಕೊಡಿರಿ, ಕಾರನ್ನೂ ಚಾಲಕನನ್ನೂ ಕೊಡಿರಿ ಎಂದು ಕೇಳುವುದೇ ಜಾಣತನವೆನಿಸಿತು. ಜೊತೆಗೆ 1956ರ ಕಂಪನಿ ಕಾನೂನು, ನಿರ್ದೇಶಕರು ಮತ್ತು ಆಡಳಿತವರ್ಗಕ್ಕೆ ಸಲ್ಲುವ ಒಟ್ಟು ಸಂಭಾವನೆಯು ನಿವ್ವಳ ಲಾಭದ ನೂರಕ್ಕೆ 11ನ್ನು ಮೀರಕೂಡದೆಂದು ಕಟ್ಟು ಹಾಕಿತ್ತು. 2013ರ ಕಾನೂನಿನಲ್ಲಿಯೂ ಅದೇ 11 ಉಳಿದಿದೆ, ಆದರೆ ಷೇರುದಾರರು ತಮ್ಮ ಸಭೆಯಲ್ಲಿ ಒಪ್ಪಿದರೆ ಮೀರಬಹುದು. ಕಾಲ ಬದಲಾಯಿತು, ಕರ ಇಳಿಯಿತು. ಅಭ್ಯಾಸ ಮಾತ್ರ ಉಳಿಯಿತು.

ಈ ಅಭ್ಯಾಸವು ಇಂದಿಗೂ ಲಾಭಕರವೇ ಎಂಬುದನ್ನು ಲೆಕ್ಕಹಾಕಿ ನೋಡೋಣ. 2023ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಕಂಪನಿಯು ತನ್ನ ಸ್ವಂತ ಮನೆಯನ್ನು ಅಧಿಕಾರಿಗೆ ಕೊಟ್ಟರೆ, 2011ರ ಜನಗಣತಿಯಲ್ಲಿ 40 ಲಕ್ಷ ಮೀರಿದ ನಗರಗಳಲ್ಲಿ ಸಂಬಳದ ನೂರಕ್ಕೆ 10, 15ರಿಂದ 40 ಲಕ್ಷದವುಗಳಲ್ಲಿ ಏಳೂವರೆ, ಉಳಿದ ಊರುಗಳಲ್ಲಿ 5 ರೂಪಾಯಿಯಷ್ಟು ಸವಲತ್ತಿನ ಬೆಲೆಯೆಂದು ಹಿಡಿದು ಅದನ್ನು ವರಮಾನಕ್ಕೆ ಸೇರಿಸುತ್ತಾರೆ. ದಾಂಡೇಲಿಯ ಜನಸಂಖ್ಯೆ ಆ ಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸಿನಲ್ಲಿತ್ತಷ್ಟೆ. ವರ್ಷಕ್ಕೆ 60 ಲಕ್ಷ ರೂಪಾಯಿ ಸಂಬಳದ ಅಧಿಕಾರಿಯೊಬ್ಬನು ಇಲ್ಲಿಯ ಬಂಗಲೆಯಲ್ಲಿದ್ದರೆ ಅವನ ವರಮಾನಕ್ಕೆ 3 ಲಕ್ಷ ಸೇರುತ್ತದೆ. ಅದರ ಮೇಲೆ ಮೂಲಕರ, ಸರ್ಚಾರ್ಜು, ಸೆಸ್ಸು ಕೂಡಿ ನೂರಕ್ಕೆ ಸುಮಾರು 34ರಂತೆ ಒಂದು ಲಕ್ಷದ ಮೂರು ಸಾವಿರ ಕರವಾಗುತ್ತದೆ. ಬೆಂಗಳೂರಿನಲ್ಲಿ ಅಂಥದೇ ಮನೆಗೆ ಇದರ ಇಮ್ಮಡಿ. ಬಂಗಲೆ ಬೇಡ, ತಿಂಗಳಿಗೆ 50 ಸಾವಿರ ಮನೆಬಾಡಿಗೆ ಭತ್ಯೆ ಕೊಡಿರೆಂದರೆ, ಹೊಸ ಕರಪದ್ಧತಿಯಲ್ಲಿ ಆ ಭತ್ಯೆಗೆ ಯಾವ ವಿನಾಯಿತಿಯೂ ಇಲ್ಲವಾದ್ದರಿಂದ 6 ಲಕ್ಷದಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಕರಕ್ಕೆ ಹೋಗಿ, ನಾಲ್ಕು ಲಕ್ಷಕ್ಕೆ ಕೊಂಚ ಕಡಿಮೆ ಉಳಿಯುತ್ತದೆ. ಆ ಹಣದಲ್ಲಿ ಬಾಡಿಗೆಯನ್ನೂ ತೆರಬೇಕು, ನೀರು, ಕಾವಲು, ದುರಸ್ತಿಗಳನ್ನೂ ನೋಡಿಕೊಳ್ಳಬೇಕು. ಬರಿಯ ಅಂಕಗಣಿತಕ್ಕೆ ಬಂಗಲೆಯೇ ಮೇಲು.

ಆದರೆ ಅಂಕಗಣಿತದ ಕಣ್ಣಿಗೆ ಬೀಳದ ವೆಚ್ಚಗಳು ಕೆಲವುಂಟು. ಹುಬ್ಬಳ್ಳಿಯಲ್ಲಿ ವಕೀಲಿಯನ್ನೋ ವೈದ್ಯವೃತ್ತಿಯನ್ನೋ ಮಾಡಬಹುದಾಗಿದ್ದ ಹೆಂಡತಿಯು ಗಂಡನ ಕೆಲಸಕ್ಕಾಗಿ ತನ್ನದನ್ನು ಬಿಟ್ಟು ಬಂಗಲೆಯ ತೋಟದಲ್ಲಿ ಗುಲಾಬಿ ಬೆಳೆಸುತ್ತಾಳೆ. ಆಕೆ ಗಳಿಸದೆ ಹೋದ ಹಣ ಕಂಪನಿಯ ಸಂಬಳಪತ್ರದಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಮಕ್ಕಳು ಹತ್ತನೆಯ ತರಗತಿ ಮುಗಿಸಿದೊಡನೆ ಪಿ.ಯು.ಸಿ.ಗೆಂದು ಧಾರವಾಡಕ್ಕೆ ಹೊರಡುತ್ತಾರೆ. ಅಲ್ಲಿ ಇನ್ನೊಂದು ಬಾಡಿಗೆ ಮನೆ, ಅದರಲ್ಲಿ ಅಜ್ಜಿಯೋ ತಾಯಿಯೋ, ವಾರಕ್ಕೊಮ್ಮೆ ಸಾಹೇಬರ ಕಾರಿನ ಯಾತ್ರೆ. ಇವೆಲ್ಲಕ್ಕಿಂತ ದೊಡ್ಡದು ಬಂಗಲೆಯು ಮನಸ್ಸಿನ ಮೇಲೆ ಮಾಡುವ ಮೋಡಿ. ಇಪ್ಪತ್ತೈದು ವರ್ಷ ಬಾಡಿಗೆಯಿಲ್ಲದೆ ಬದುಕಿದವನಿಗೆ ಮನೆ ಎಂಬುದು ಗಾಳಿ ಬೆಳಕಿನಂತೆ ತಾನಾಗಿ ದೊರೆಯುವ ವಸ್ತುವೆಂದು ತೋರಿ, ನಿವೃತ್ತಿಯ ಪತ್ರ ಕೈಗೆ ಬಂದ ಮೇಲೆ ಮನೆ ಕಟ್ಟುವ ಯೋಚನೆ ಹುಟ್ಟುತ್ತದೆ. ಅಷ್ಟರಲ್ಲಿ ಸಾಲ ಕೊಡುವ ಬ್ಯಾಂಕು ಅವನ ವಯಸ್ಸನ್ನು ಕೇಳುತ್ತದೆ. ಬಂಗಲೆಯಲ್ಲಿರುವವನು, ಉಳಿದ ಬಾಡಿಗೆಯನ್ನು ಉಳಿಯಿತೆಂದು ಭಾವಿಸದೆ ತಿಂಗಳು ತಿಂಗಳು ತನಗೆ ತಾನೇ ತೆತ್ತು ಬೇರೊಂದು ಖಾತೆಯಲ್ಲಿಡುವುದು ಒಳ್ಳೆಯದು. ಆ ಖಾತೆಯ ಹಣ ಕಂಪನಿಯ ಷೇರಿಗಾಗಲಿ ಕಂಪನಿಯ ಠೇವಣಿಗಾಗಲಿ ಮರಳಿ ಹೋಗಕೂಡದು.

ಕಾರ್ಖಾನೆ ಮುಚ್ಚುವುದುಂಟೆ ಎಂದು ಕೆಲವರು ನಕ್ಕಾರು. ದಾಂಡೇಲಿಯ ಹಿರಿಯರು ನಗಲಾರರು. ಇದೇ ಊರಿನಲ್ಲಿ ಪ್ಲೈವುಡ್ ಕಾರ್ಖಾನೆಯೂ ಫೆರೋ ಅಲಾಯ್ಸ್ ಕಾರ್ಖಾನೆಯೂ ನಡೆದು, ನಿಂತುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಇನ್ನು ಷೇರಿನ ವಿಷಯ. ಸಂಬಳದ ಒಂದಂಶವನ್ನು ನಗದಾಗಿ ಕೊಡದೆ, ಇಂಥ ಬೆಲೆಗೆ ಕಂಪನಿಯ ಇಷ್ಟು ಷೇರುಗಳನ್ನು ಮುಂದೆ ಕೊಳ್ಳುವ ಹಕ್ಕನ್ನಾಗಿ ಕೊಡುವ ಪದ್ಧತಿಗೆ ನಮ್ಮ ರಾಜ್ಯದಲ್ಲಿ ಕೀರ್ತಿ ತಂದುದು ಇನ್ಫೋಸಿಸ್. 1993ರಲ್ಲಿ ಷೇರುಪೇಟೆಗೆ ಬಂದ ಆ ಸಂಸ್ಥೆಯು ಮರುವರ್ಷವೇ ನೌಕರರಿಗೆ ಷೇರು ಹಂಚುವ ಯೋಜನೆಯನ್ನು ತಂದು, ಸಾಧಾರಣ ಹುದ್ದೆಯವರೂ ಸಿರಿವಂತರಾದ ಕಥೆಗಳು ಬೆಂಗಳೂರಿನ ಮನೆಮನೆಗಳಲ್ಲಿ ಹಬ್ಬಿದುವು. ಗೆದ್ದವರ ಕಥೆಗೆ ಕೇಳುಗರು ಬಹಳ. ಸೋತವರ ಕಥೆ ಹೇಳುವವರೇ ಇಲ್ಲ. ಹೈದರಾಬಾದಿನ ಸತ್ಯಂ ಕಂಪನಿಯ ಲೆಕ್ಕಪತ್ರಗಳ ಮೋಸ ಬಯಲಾದ 2009ರ ಜನವರಿ 7ರಂದು ಅದರ ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಲೆಯನ್ನು ಕಳೆದುಕೊಂಡಿತು. ಅಮೆರಿಕದ ಎನ್ರಾನ್ 2001ರಲ್ಲಿ ದಿವಾಳಿಯೆದ್ದಾಗ ಅದರ ನೌಕರರ ನಿವೃತ್ತಿನಿಧಿಯ ಅರ್ಧಕ್ಕಿಂತ ಹೆಚ್ಚು ಹಣ ಎನ್ರಾನ್ ಷೇರಿನಲ್ಲಿಯೇ ಇತ್ತಾಗಿ, ಕೆಲಸವೂ ಉಳಿತಾಯವೂ ಕೈ ಹಿಡಿದುಕೊಂಡೇ ಹೊರಟುಹೋದುವು.

ಮೋಸವೇ ಆಗಬೇಕೆಂದಿಲ್ಲ, ಪ್ರಾಮಾಣಿಕವಾದ ಕಂಪನಿಯಲ್ಲಿಯೂ ಈ ಹಕ್ಕಿನ ಲೆಕ್ಕ ತೊಡಕಿನದು. ನೂರು ರೂಪಾಯಿಗೆ ಒಂದರಂತೆ ಹತ್ತು ಸಾವಿರ ಷೇರು ಕೊಳ್ಳುವ ಹಕ್ಕು ಅಧಿಕಾರಿಯೊಬ್ಬನಿಗೆ ಇದೆಯೆಂದೂ, ಪೇಟೆಯ ಬೆಲೆ ಈಗ ನಾನೂರೆಂದೂ ಇಟ್ಟುಕೊಳ್ಳಿರಿ. ಆತನು ಹಕ್ಕನ್ನು ಚಲಾಯಿಸಿದ ದಿನ ಕಂಪನಿಗೆ 10 ಲಕ್ಷ ತೆರಬೇಕು. ಮೇಲಿನ ಮುನ್ನೂರರಂತೆ 30 ಲಕ್ಷವು ಸಂಬಳವೆಂದೇ ಗಣನೆಗೆ ಬಂದು, ಷೇರನ್ನು ಮಾರಿ ಒಂದು ಪೈ ಕೈಗೆ ಬರುವ ಮೊದಲೇ 10 ಲಕ್ಷಕ್ಕೂ ಮಿಕ್ಕಿದ ಕರ ಕಡಿತವಾಗುತ್ತದೆ. ಮುಂದೆ ಬೆಲೆ ನೂರೈವತ್ತಕ್ಕೆ ಇಳಿಯಿತೆನ್ನೋಣ: 20 ಲಕ್ಷ ಸುರಿದವನ ಕೈಯಲ್ಲಿರುವುದು 15 ಲಕ್ಷದ ಷೇರು, ತೆತ್ತ ಕರವೋ ಮರಳಿ ಬಾರದು. ಇಳಿಯುವ ಮೊದಲೇ ಮಾರಬಾರದಾಗಿತ್ತೆ ಎಂದು ಕೇಳುವವರಿಗೆ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ 2015ರ ನಿಬಂಧನೆಗಳ ಪರಿಚಯವಿಲ್ಲ. ಒಳಗುಟ್ಟು ಬಲ್ಲ ಮೇಲಧಿಕಾರಿಯು ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಸ್ವಂತ ಕಂಪನಿಯ ಷೇರನ್ನು ಮುಟ್ಟುವಂತಿಲ್ಲ; ಉಳಿದ ದಿನಗಳಲ್ಲಿಯೂ ದೊಡ್ಡ ವ್ಯವಹಾರಕ್ಕೆ ಮೊದಲೇ ಅನುಮತಿ ಬೇಕು; ಪೇಟೆಯಲ್ಲಿ ಕೊಂಡುದನ್ನು ಆರು ತಿಂಗಳೊಳಗೆ ಮಾರಕೂಡದು. ಬೀದಿಯಲ್ಲಿ ಹೋಗುವ ಯಾವನಾದರೂ ಒಂದು ಗಳಿಗೆಯಲ್ಲಿ ಮಾರಬಹುದಾದ ಷೇರು ಅದರ ಒಡೆಯರಲ್ಲೊಬ್ಬನಾದ ಜನರಲ್ ಮ್ಯಾನೇಜರನ ಪಾಲಿಗೆ ಅರ್ಧ ವರ್ಷ ಬೀಗ ಹಾಕಿದ ಪೆಟ್ಟಿಗೆಯಾಗಿರುತ್ತದೆ.

ಅಷ್ಟಲ್ಲದೆ ಕಾಗದದ ಉದ್ಯಮಕ್ಕೆ ಏರಿಳಿತ ಕಟ್ಟಿಟ್ಟದ್ದು. ಹೊರದೇಶದ ತಿರುಳಿನ ಬೆಲೆ, ಹಡಗಿನಲ್ಲಿ ಬಂದಿಳಿಯುವ ಅಗ್ಗದ ಕಾಗದ, ಮರದ ಪೂರೈಕೆ ಇವು ಕೂಡಿ ಕೆಡುಕು ಮಾಡಿದ ವರ್ಷದಲ್ಲಿ ಲಾಭ ಇಳಿದು, ಬೋನಸ್ಸು ಇಳಿದು, ಷೇರೂ ಇಳಿದು, ಬಡ್ತಿಯೂ ತಡೆಯುವುದು ಏಕಕಾಲದಲ್ಲಿ. ಜೋಯಿಡಾದ ಕುಣಬಿ ಒಕ್ಕಲಿಗರು ಭತ್ತವನ್ನು ಬೆಳೆಯುತ್ತಾರೆ, ಆದರೆ ಭತ್ತವನ್ನೊಂದನ್ನೇ ನೆಚ್ಚುವುದಿಲ್ಲ. ಹಿತ್ತಿಲಿನಲ್ಲಿ ಬಗೆಬಗೆಯ ಗೆಡ್ಡೆ ಗೆಣಸುಗಳನ್ನು ನೆಲದೊಳಗೆ ಇಟ್ಟಿರುತ್ತಾರೆ, ಅವುಗಳ ಮೇಳವನ್ನೇ ಜೋಯಿಡಾದಲ್ಲಿ ನಡೆಸುತ್ತಾರೆ, ಬೆಳೆ ಕೈಕೊಟ್ಟ ವರ್ಷ ಅಗೆದು ಉಣ್ಣುತ್ತಾರೆ. ವ್ಯವಹಾರಶಾಸ್ತ್ರದ ಪದವಿ ಪಡೆದ ನಮ್ಮ ಅಧಿಕಾರಿಗಳು ಬಂದ ಷೇರನ್ನು ಕಾನೂನು ಬಿಟ್ಟ ದಿನವೇ ಒಂದಷ್ಟು ಮಾರಿ, ಕಾಗದಕ್ಕೂ ದಾಂಡೇಲಿಗೂ ಸಂಬಂಧವಿಲ್ಲದ ಕಡೆಗಳಲ್ಲಿ ಹಾಕಿದರೆ ಅದನ್ನು ಒಡೆಯರಿಗೆ ಮಾಡಿದ ದ್ರೋಹವೆಂದು ಯಾರೂ ತಿಳಿಯಬೇಕಾಗಿಲ್ಲ. ಒಟ್ಟು ಆಸ್ತಿಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಸ್ವಂತ ಕಂಪನಿಯಲ್ಲಿ ಇರಕೂಡದೆಂಬುದು ನನ್ನ ಅಭಿಪ್ರಾಯ. ಹೆಚ್ಚು ಧೈರ್ಯವುಳ್ಳವರು ಬೇರೆ ಹೇಳಿಯಾರು.

ಲಾಭದೊಡನೆ ಏರಿಳಿಯುವ ಸಂಬಳದ ಪ್ರಶ್ನೆ ಹಳಿಯಾಳದ ಸಕ್ಕರೆ ಕಾರ್ಖಾನೆಯಂಥಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ. ಕಬ್ಬಿಗೆ ಕನಿಷ್ಠ ಎಷ್ಟು ಕೊಡಬೇಕೆಂಬುದನ್ನು ಕೇಂದ್ರ ಸರ್ಕಾರ ನಿರ್ಧರಿಸುತ್ತದೆ, ಎಷ್ಟು ಕಬ್ಬು ಬರುತ್ತದೆಂಬುದನ್ನು ಮಳೆ ನಿರ್ಧರಿಸುತ್ತದೆ, ಸಕ್ಕರೆ ಹೊರದೇಶಕ್ಕೆ ಹೋಗಬಹುದೋ ಬಾರದೋ ಎಂಬುದೂ ದೆಹಲಿಯ ಕೈಯಲ್ಲಿದೆ. ಇಂತಿರಲು ಕಾರ್ಖಾನೆಯ ಮುಖ್ಯಸ್ಥನ ಸಂಬಳದ ಅರ್ಧವನ್ನು ಲಾಭಕ್ಕೆ ಕಟ್ಟಿದರೆ ಅದು ಸಾಮರ್ಥ್ಯದ ಪರೀಕ್ಷೆಯಾಗದೆ ಅದೃಷ್ಟದ ಆಟವಾದೀತು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ಯಂತ್ರ ನಿಲ್ಲದೆ ನಡೆದ ಗಂಟೆಗಳು, ನೂರು ಕಿಲೋ ಕಬ್ಬಿಗೆ ಬಂದ ಸಕ್ಕರೆಯ ಇಳುವರಿ, ಉಳಿಸಿದ ಇಂಧನ ಇಂಥ ತನ್ನ ಕೈಯಳತೆಯ ಅಂಶಗಳಿಗೆ ಬೋನಸ್ಸನ್ನು ಸೇರಿಸಿರೆಂದು ಕೇಳುವುದರಲ್ಲಿ ಸಂಕೋಚವಿರಬಾರದು. ಒಡೆತನ ಬದಲಾದರೆ ನನ್ನ ಷರತ್ತುಗಳೇನಾಗುತ್ತವೆಂಬ ಪ್ರಶ್ನೆಯನ್ನೂ ಕೇಳತಕ್ಕದ್ದೇ. ಹಳಿಯಾಳದ ಆ ಕಾರ್ಖಾನೆ ಜಿ.ಎಂ.ಆರ್. ಸಮೂಹದಿಂದ ಇ.ಐ.ಡಿ. ಪ್ಯಾರಿಯವರ ಕೈಗೆ ಹೋಯಿತು. ದಾಂಡೇಲಿಯ ಮಿಲ್ಲಿನವರೇ 2019ರಲ್ಲಿ ಆಂಧ್ರದ ಕಾಗದ ಕಂಪನಿಯ ಬಹುಪಾಲು ಷೇರುಗಳನ್ನು ಅಮೆರಿಕದ ಇಂಟರ್‌ನ್ಯಾಷನಲ್ ಪೇಪರಿನಿಂದ ಕೊಂಡರು. ಕೊಂಡವರ ಕಡೆಯ ಅಧಿಕಾರಿಗೆ ಅದು ಸಂಭ್ರಮ, ಮಾರಾಟವಾದ ಕಡೆಯವನಿಗೆ ನಿದ್ದೆಗೇಡು.

ನಿವೃತ್ತಿಯ ದಿನದ ಲೆಕ್ಕದಲ್ಲಿ ಮೇಲಧಿಕಾರಿಗಳು ಎಡವುವುದು ಗ್ರ್ಯಾಚುಟಿಯಲ್ಲಿ. ತಿಂಗಳಿಗೆ ಮೂರು ಲಕ್ಷ ಮೂಲವೇತನದಲ್ಲಿ 25 ವರ್ಷ ದುಡಿದವನಿಗೆ, ವರ್ಷಕ್ಕೆ 15 ದಿನದಂತೆ 26ರಿಂದ ಭಾಗಿಸಿದ ಸೂತ್ರದಲ್ಲಿ 43 ಲಕ್ಷ ಚಿಲ್ಲರೆ ಬರಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಕಾನೂನಿನ ಹೊಣೆ 2018ರಿಂದ 20 ಲಕ್ಷಕ್ಕೆ ನಿಂತಿದೆ. ಮೇಲಿನದು ಕಂಪನಿಯ ಔದಾರ್ಯಕ್ಕೋ ಒಪ್ಪಂದಕ್ಕೋ ಸೇರಿದ್ದು, ಬಂದರೂ ಅದಕ್ಕೆ ಕರವುಂಟು. ಪಿ.ಎಫ್.ನೊಂದಿಗೆ ಬರುವ ಪಿಂಚಣಿಯೋ ಇನ್ನೂ ವಿಚಿತ್ರ: 15 ಸಾವಿರದ ಮಿತಿಯ ವೇತನಕ್ಕೆ ಲೆಕ್ಕ ಕಟ್ಟುವುದರಿಂದ, ಹೆಚ್ಚಿನ ಪಿಂಚಣಿಯ ಆಯ್ಕೆ ಮಾಡದವನು ಮೂವತ್ತೈದು ವರ್ಷ ದುಡಿದಿದ್ದರೂ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸಿನಲ್ಲಿ ನಿಲ್ಲುತ್ತಾನೆ. ಸಾಹೇಬರಿಗೂ ಯಂತ್ರದ ಬಳಿ ನಿಂತ ಕಾರ್ಮಿಕನಿಗೂ ಇಷ್ಟೊಂದು ಸಮಾನತೆಯನ್ನು ಬೇರಾವ ಶಾಸನವೂ ತಂದಂತಿಲ್ಲ. ಕಂಪನಿಯು ರಾಷ್ಟ್ರೀಯ ಪಿಂಚಣಿ ಯೋಜನೆಗೆ ಮೂಲವೇತನದ ನೂರಕ್ಕೆ 14ರವರೆಗೆ ಕಟ್ಟಿದರೆ ಹೊಸ ಪದ್ಧತಿಯಲ್ಲಿಯೂ ಅದಕ್ಕೆ ವಿನಾಯಿತಿ ಇದೆ, ಆದರೆ ಪಿ.ಎಫ್., ಪಿಂಚಣಿ, ಸೂಪರ್‌ಆನ್ಯುಯೇಷನ್ ನಿಧಿಗಳಿಗೆ ಕಂಪನಿ ಹಾಕುವ ಒಟ್ಟು ಹಣ ವರ್ಷಕ್ಕೆ ಏಳೂವರೆ ಲಕ್ಷ ಮೀರಿದರೆ ಮೀರಿದ ಭಾಗಕ್ಕೆ ಕರ ಬೀಳುತ್ತದೆ. ಕೇಳದೆ ಹೋದರೆ ಯಾವ ಕಂಪನಿಯೂ ತಾನಾಗಿ ಬಂದು ಈ ಆಯ್ಕೆಯನ್ನು ಮುಂದಿಡುವುದಿಲ್ಲ.

ಮುಂಡಗೋಡದ ಭತ್ತದ ಗದ್ದೆಯಿಂದ ಹೋಗಿ ಬೆಂಗಳೂರಿನಲ್ಲಿ ಉಪಾಧ್ಯಕ್ಷರಾದವರೂ ನಮ್ಮಲ್ಲಿದ್ದಾರೆ. ಅವರ ಮನಸ್ಸೆಲ್ಲ ಊರಲ್ಲಿ ನಾಲ್ಕೆಕರೆ ಕೊಳ್ಳುವುದರ ಮೇಲೆ. ಬೇಸಾಯವಲ್ಲದ ವರಮಾನ ಇಂತಿಷ್ಟಕ್ಕಿಂತ ಹೆಚ್ಚಾದವರು ಕರ್ನಾಟಕದಲ್ಲಿ ಸಾಗುವಳಿ ಭೂಮಿಯನ್ನು ಕೊಳ್ಳಲೇಕೂಡದೆಂಬ ನಿಷೇಧ ಭೂಸುಧಾರಣಾ ಕಾನೂನಿನ 79-ಎ ಕಲಮಿನಲ್ಲಿತ್ತು. 2015ರಲ್ಲಿ ಆ ಮಿತಿ 25 ಲಕ್ಷಕ್ಕೇರಿ, 2020ರಲ್ಲಿ ಕಲಮೇ ಹೋಯಿತು. ಬಾಗಿಲು ತೆರೆದಿದೆಯೆಂದು ಕಾಳಿ ಹುಲಿ ಮೀಸಲಿನ ಅಂಚಿನಲ್ಲಿ ಹೋಂಸ್ಟೇ ಕಟ್ಟುವ ಆಸೆಯಿಂದ ನಿವೃತ್ತಿಯ ಹಣವನ್ನೆಲ್ಲ ಸುರಿಯುವವರು, ಆ ಸರ್ವೆ ನಂಬರು ಕಂದಾಯದ್ದೋ ಅರಣ್ಯದ್ದೋ ಎಂಬುದನ್ನು ದಲ್ಲಾಳಿಯ ಬಾಯಿಂದ ಕೇಳಿ ತೃಪ್ತರಾಗದೆ ತಹಶೀಲ್ದಾರರ ಕಚೇರಿಯಲ್ಲಿಯೂ ಅರಣ್ಯ ಇಲಾಖೆಯಲ್ಲಿಯೂ ವಿಚಾರಿಸಿ ನೋಡಬೇಕು. ಸುಂದರವಾದ ಭೂಮಿ, ನಿಜ. ತುರ್ತಿಗೆ ಮಾರಹೋದರೆ ಕೊಳ್ಳುವವನಿಲ್ಲ.

ಉಳಿದುವು ಚಿಕ್ಕ ಮಾತುಗಳು. ಕಂಪನಿಯ ಆರೋಗ್ಯವಿಮೆಯು ಸಾಮಾನ್ಯವಾಗಿ ಕೆಲಸದೊಡನೆಯೇ ಮುಗಿಯುತ್ತದೆ. ಧಾರವಾಡದ ಅಥವಾ ಬೆಳಗಾವಿಯ ದೊಡ್ಡಾಸ್ಪತ್ರೆಗೆ ಹೋಗುವ ಪ್ರಸಂಗ ಬರುವುದು ಬಹುಶಃ ಆಮೇಲೆ. ಐವತ್ತರ ಒಳಗೇ, ರೋಗಗಳ ಪಟ್ಟಿ ಉದ್ದವಾಗುವ ಮುನ್ನ, ಸ್ವಂತದ ವಿಮೆಯೊಂದನ್ನು ಮಾಡಿಸಿರಬೇಕು. ಷೇರುಗಳಿಗೆ ನಾಮಿನಿಯಾಗಿ ಹೆಂಡತಿಯ ಹೆಸರನ್ನು ಬರೆದಿದ್ದೇನೆ, ಇನ್ನು ಚಿಂತೆಯಿಲ್ಲ ಎಂದು ನಂಬಿದವರು, ನಾಮಿನಿಯು ಷೇರಿನ ಪೂರ್ಣ ಒಡೆಯನಾಗುವುದಿಲ್ಲ, ವಾರಸುದಾರರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ಹೇಳಿದುದನ್ನು ಗಮನಿಸತಕ್ಕದ್ದು. ಯಾರಿಗೆ ಏನು ಸಲ್ಲಬೇಕೆಂಬ ಖಚಿತವಾದ ಇಚ್ಛೆಯುಳ್ಳವನು ಮೃತ್ಯುಪತ್ರವನ್ನೇ ಬರೆಯಬೇಕು. ಅದಕ್ಕೆ ಸ್ಟಾಂಪು ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ರುಜು ಸಾಕು. ಆದರೂ ಹಳಿಯಾಳದಲ್ಲಿಯೋ ತಾನಿರುವ ಊರಿನಲ್ಲಿಯೋ ಉಪನೋಂದಣಾಧಿಕಾರಿಯ ಮುಂದೆ ನೋಂದಾಯಿಸಿಟ್ಟರೆ ಮುಂದೆ ಇದು ಅವರ ರುಜುವೇ ಅಲ್ಲವೆಂದು ತಕರಾರು ತೆಗೆಯುವವರ ಬಾಯಿ ಬಹುಮಟ್ಟಿಗೆ ಕಟ್ಟಿದಂತಾಗುತ್ತದೆ. ಸಾಕ್ಷಿಗಳಲ್ಲಿ ಒಬ್ಬನಾದರೂ ತನಗಿಂತ ಕಿರಿಯ ವಯಸ್ಸಿನವನಾಗಿರಲಿ, ಮತ್ತು ಸಾಧ್ಯವಿದ್ದರೆ ಕಂಪನಿಯ ಕಾಲೊನಿಯ ಹೊರಗಿನವನಾಗಿರಲಿ. ಒಳಗಿನವನು ಬೇಕಾದ ಹೊತ್ತಿಗೆ ಯಾವ ಊರಿಗೆ ವರ್ಗವಾಗಿರುತ್ತಾನೋ ಯಾರು ಬಲ್ಲರು!